ಸಾಹಸಯಾನದ ಕಥನವೂ ಅನರ್ಥದಂಡ ವಿಚಾರವೂ

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಇವುಗಳ ಪೈಕಿ ದುಃಶ್ರುತಿಯು ಸಾಹಿತ್ಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಆರಂಭ, ಪರಿಗ್ರಹ, ಸಾಹಸ, ಮಿಥ್ಯಾತ್ವ, ರಾಗ, ದ್ವೇಷ, ಮದ ಮೊದಲಾದವುಗಳಿಂದ ಚಿತ್ತವನ್ನು ಕಲುಷಿತಗೊಳಿಸುವ ಕಥನಗಳಿಗೆ ಕಿವಿಗೊಡುವುದು ದುಃಶ್ರುತಿ ಎನಿಸುತ್ತದೆ. ಈ ಪಟ್ಟಿಯಲ್ಲಿ ರಾಗದ್ವೇಷಗಳು ಇರುವುದು ಅಚ್ಚರಿಯಲ್ಲ. ಆದರೆ ಅವುಗಳ ಸಾಲಿನಲ್ಲಿ ಸಾಹಸವೂ ಸೇರಿರುವುದು ಇಂದಿನ ಓದುಗನನ್ನು ಕ್ಷಣಕಾಲ ತಡೆದು ನಿಲ್ಲಿಸುತ್ತದೆ. ಇಂದು ಸಾಹಸವೆಂಬುದು ಕೇವಲ ಪ್ರಶಂಸೆಯ ಮಾತು. ಹಿಂದುಮುಂದು ನೋಡದೆ ಕೈಗೊಳ್ಳುವ ದುಡುಕಿನ ಕಾರ್ಯ ಎಂಬ ಅದರ ಹಳೆಯ ಅರ್ಥ ಹಿಂದೆ ಸರಿದಿದೆ. ಆಚಾರ್ಯರ ಕಾಲದಲ್ಲಿ ಆ ಅರ್ಥ ಜೀವಂತವಾಗಿತ್ತು.

ಈ ಅಳತೆಗೋಲಿನಿಂದ ಪರೀಕ್ಷಿಸಬೇಕಾದ ಒಂದು ಕಥನಪ್ರಕಾರ ಈಚಿನ ದಶಕಗಳಲ್ಲಿ ಬಹುವಾಗಿ ಬೆಳೆದಿದೆ. ದುರ್ಗಮವಾದ ಅರಣ್ಯಮಾರ್ಗದಲ್ಲಿ ಫೋರ್‌ವ್ಹೀಲ್ ಡ್ರೈವ್ ವಾಹನವನ್ನು ನಡೆಸಿದ ವೃತ್ತಾಂತವೇ ಆ ಪ್ರಕಾರ. ಅದು ಪ್ರವಾಸಲೇಖನವಾಗಿ ಬರುತ್ತದೆ, ಚಲಚ್ಚಿತ್ರವಾಗಿ ಬರುತ್ತದೆ, ವಾಹನ ಮಾರುವವರ ಜಾಹೀರಾತಾಗಿಯೂ ಬರುತ್ತದೆ. ಅದರ ಕಟ್ಟೋಣ ಮಾತ್ರ ಎಲ್ಲೆಡೆಯೂ ಒಂದೇ. ಕಾಡು ಎದುರಾಳಿ, ಕೆಸರು ಮತ್ತು ಹೊಳೆ ಅದರ ಆಯುಧಗಳು, ಚಾಲಕ ನಾಯಕ, ವಾಹನ ಅವನ ವಜ್ರಕವಚ. ಕೊನೆಯಲ್ಲಿ ದಾರಿಯನ್ನು ‘ಗೆದ್ದ’ ಘೋಷಣೆ. ಇದನ್ನು ಓದುವವರಲ್ಲಿ, ನೋಡುವವರಲ್ಲಿ ಶ್ರಾವಕರ ಮನೆಯ ತರುಣರೂ ಇದ್ದಾರೆ. ಆದುದರಿಂದ ಈ ಕಥನ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬ ವಿವೇಚನೆ ಅಗತ್ಯ.

ಒಂದು ದಾರಿಯ ಚರಿತ್ರೆ

ಇಂತಹ ಕಥನಗಳಿಗೆ ಪ್ರಿಯವಾದ ದಾರಿಗಳಲ್ಲಿ ಆಸ್ಟ್ರೇಲಿಯದ ಈಶಾನ್ಯ ಭಾಗದ ಬ್ಲೂಮ್‌ಫೀಲ್ಡ್ ದಾರಿ ಒಂದು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಡೇನ್‌ಟ್ರೀ ಪ್ರದೇಶದಲ್ಲಿ ಕೇಪ್ ಟ್ರಿಬ್ಯುಲೇಷನ್ ಎಂಬ ಭೂಶಿರವಿದೆ. 1770ರಲ್ಲಿ ಜೇಮ್ಸ್ ಕುಕ್‌ನ ಹಡಗು ಸಮೀಪದ ಹವಳದ ದಿಬ್ಬಕ್ಕೆ ಬಡಿದು ಸಂಕಷ್ಟಕ್ಕೆ ಸಿಲುಕಿತು. ತನ್ನ ಕಷ್ಟಪರಂಪರೆ ಇಲ್ಲಿಂದ ಮೊದಲಾಯಿತೆಂದು ಆತನು ಈ ಭೂಶಿರಕ್ಕೆ ‘ಸಂಕಟ’ ಎಂಬ ಅರ್ಥದ ಹೆಸರಿಟ್ಟನು. ಅಲ್ಲಿಂದ ಉತ್ತರಕ್ಕೆ ವುಜಲ್ ವುಜಲ್ ಎಂಬ ಮೂಲನಿವಾಸಿಗಳ ಊರಿನವರೆಗೆ ಸುಮಾರು 32 ಕಿಲೋಮೀಟರು ಉದ್ದಕ್ಕೆ ಈ ದಾರಿ ಸಾಗುತ್ತದೆ. ಡಾಂಬರು ಕಾಣದ ನೆಲ, ಡೊನೊವನ್ ಮತ್ತು ಕೌಯಿ ಎಂಬ ಎರಡು ಬೆಟ್ಟಸಾಲುಗಳ ಕಡಿದಾದ ಏರಿಳಿತ, ಸೇತುವೆಯಿಲ್ಲದ ಹೊಳೆಗಳು. ಸಾಮಾನ್ಯ ಕಾರಿಗೆ ಸಾಗದ ಮಾರ್ಗ. ಒಂದು ಮಗ್ಗುಲಲ್ಲಿ ಪ್ರಪಂಚದ ಅತಿ ಪುರಾತನ ಮಳೆಕಾಡುಗಳಲ್ಲೊಂದು. ಇನ್ನೊಂದು ಮಗ್ಗುಲಲ್ಲಿ, ಕಡಲಿನೊಳಗೆ, ಹವಳದ ದಿಬ್ಬಗಳ ಮಹಾಶ್ರೇಣಿ.

ಈ ದಾರಿ ಹುಟ್ಟಿದ್ದೇ ಒಂದು ಧರ್ಮಸಂಕಟದಲ್ಲಿ. 1983ರ ಕೊನೆಯಲ್ಲಿ ಬುಲ್‌ಡೋಜರುಗಳು ಕೇಪ್ ಟ್ರಿಬ್ಯುಲೇಷನ್ನಿನಿಂದ ಉತ್ತರಕ್ಕೆ ಕಾಡನ್ನು ಸೀಳಲು ಬಂದಾಗ ಪರಿಸರಪ್ರಿಯರು ಅಡ್ಡ ನಿಂತರು. ಕೆಲವರು ಮರಗಳನ್ನೇರಿ ಕುಳಿತರು. ಕೆಲವರು ಯಂತ್ರಗಳ ಮುಂದೆ ಕುತ್ತಿಗೆಯವರೆಗೆ ನೆಲದಲ್ಲಿ ತಮ್ಮನ್ನು ತಾವು ಹೂತುಕೊಂಡರು. ಮಳೆಗಾಲ ಕೆಲಸವನ್ನು ನಿಲ್ಲಿಸಿತು. 1984ರ ಆಗಸ್ಟಿನಲ್ಲಿ ಯಂತ್ರಗಳು ಮರಳಿ ಬಂದವು, ಅದೇ ವರ್ಷದ ಅಕ್ಟೋಬರಿನಲ್ಲಿ ದಾರಿ ತೆರೆದುಕೊಂಡಿತು. ಪ್ರತಿಭಟನೆ ದಾರಿಯನ್ನು ತಡೆಯಲಾರದೆ ಹೋಯಿತು. ಆದರೆ ಆ ಕಾಡಿನ ಹೆಸರು ದೇಶವಿಡೀ ಹಬ್ಬಿತು. 1988ರಲ್ಲಿ ಆ ಪ್ರದೇಶದ ಆರ್ದ್ರ ಉಷ್ಣವಲಯದ ಅರಣ್ಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2021ರ ಸೆಪ್ಟೆಂಬರಿನಲ್ಲಿ ಡೇನ್‌ಟ್ರೀ ಮತ್ತು ಅದರ ನೆರೆಯ ರಾಷ್ಟ್ರೀಯ ಉದ್ಯಾನಗಳ 1,60,000 ಹೆಕ್ಟೇರಿಗೂ ಮಿಕ್ಕ ಭೂಮಿ ಅದರ ಮೂಲ ಒಡೆಯರಾದ ಪೂರ್ವ ಕುಕು ಯಲಂಜಿ ಜನರ ಒಡೆತನಕ್ಕೆ ಮರಳಿತು.

ಸಾಹಸಯಾನದ ಕಥನ ಈ ಚರಿತ್ರೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಏರಿನ ಕಡಿದು, ಹೊಳೆಯ ಆಳ, ಚಕ್ರದಿಂದ ಚಿಮ್ಮುವ ಕೆಸರು. ದಾರಿ ಅನಾದಿಯಿಂದ ಅಲ್ಲಿಯೇ ಬಿದ್ದುಕೊಂಡಿದ್ದು, ನಾಯಕನ ಬರವಿಗಾಗಿ ಕಾದಂತೆ ಅದು ಚಿತ್ರಿಸುತ್ತದೆ. ಯಾರ ನೆಲದ ಮೇಲೆ, ಯಾರ ಬೇಡಿಕೆಯನ್ನು ಮೀರಿ, ಏನನ್ನು ಕಡಿದು ಈ ದಾರಿ ಆಯಿತೆಂಬ ಪ್ರಶ್ನೆ ಕಥೆಯ ಓಟಕ್ಕೆ ಅಡ್ಡಿ. ಇದು ಈ ಪ್ರಕಾರದ ಮೊದಲ ದೋಷ.

ಯಂತ್ರದ ಗುಣ, ಕಥನದ ದೋಷ

ವಾಹನಕ್ಕೆ ನ್ಯಾಯ ಸಲ್ಲಿಸದೆ ಮುಂದುವರಿಯುವುದು ಸರಿಯಲ್ಲ. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡೇ ಚಕ್ರಗಳಿಗೆ ಹರಿಯುತ್ತದೆ. ಅವುಗಳಲ್ಲೊಂದು ಕೆಸರಿನಲ್ಲಿ ಜಾರತೊಡಗಿದರೆ ಅದು ಸುಮ್ಮನೆ ತಿರುಗುತ್ತದೆ, ವಾಹನ ನಿಂತಲ್ಲೇ ನಿಲ್ಲುತ್ತದೆ. ಫೋರ್‌ವ್ಹೀಲ್ ಡ್ರೈವ್ ವಾಹನದಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳೆರಡಕ್ಕೂ ಬಲ ಹಂಚಿಕೆಯಾಗುತ್ತದೆ. ಇದಲ್ಲದೆ ಇಂತಹ ಅನೇಕ ವಾಹನಗಳಲ್ಲಿ ಇನ್ನೊಂದು ಕೆಳಹಂತದ ಗೇರು ಇರುತ್ತದೆ. ಅದನ್ನು ಹಾಕಿದಾಗ ಚಕ್ರದ ವೇಗ ತಗ್ಗಿ ಎಳೆಯುವ ಬಲ ಹೆಚ್ಚುತ್ತದೆ; ಇಳಿಜಾರಿನಲ್ಲಿ ಬ್ರೇಕನ್ನು ಹೆಚ್ಚಾಗಿ ಅವಲಂಬಿಸದೆ ಎಂಜಿನ್ನಿನ ಹಿಡಿತದಲ್ಲೇ ವಾಹನ ಮೆಲ್ಲಗೆ ಇಳಿಯುತ್ತದೆ.

ಇಲ್ಲಿ ಗಮನಾರ್ಹವಾದದ್ದು, ಈ ಯಂತ್ರದ ನಿಜವಾದ ಸಾಮರ್ಥ್ಯ ವೇಗದಲ್ಲಿಲ್ಲ, ನಿಧಾನದಲ್ಲಿದೆ ಎಂಬುದು. ಬಲ್ಲ ಚಾಲಕನು ಹೊಳೆಯ ದಡದಲ್ಲಿ ವಾಹನವನ್ನು ನಿಲ್ಲಿಸಿ ಇಳಿಯುತ್ತಾನೆ, ನೀರಿನ ಆಳ, ಸೆಳೆತ, ತಳದ ಕಲ್ಲುಗಳನ್ನು ನೋಡುತ್ತಾನೆ, ಸಂದೇಹವಿದ್ದರೆ ಹಿಂದಿರುಗುತ್ತಾನೆ. ಡೇನ್‌ಟ್ರೀಯ ಹೊಳೆಗಳಲ್ಲಿ ಮೊಸಳೆಗಳಿರುವುದರಿಂದ ನೀರಿಗಿಳಿದು ಪರೀಕ್ಷಿಸುವುದೂ ಅಪಾಯಕರ. ಆದುದರಿಂದ ಅಲ್ಲಿ ಹಿಂದಿರುಗುವ ವಿವೇಕ ಇನ್ನಷ್ಟು ಬೇಕು. ಈ ಎಚ್ಚರ, ಈ ತಡೆದು ನಿಲ್ಲುವಿಕೆ ಶ್ರಾವಕನಿಗೆ ಅಪರಿಚಿತವೇನಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿಯೆಂದರೆ ಸೂರ್ಯನ ಬೆಳಕಿನಲ್ಲಿ, ಜನ ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ನಡೆಯುವುದು. ಅದು ಮುನಿಧರ್ಮ, ಇದು ಗೃಹಸ್ಥನ ಯಂತ್ರ. ಆದರೂ ನೋಡಿ ನಡೆಯಬೇಕೆಂಬ ಮೂಲತತ್ತ್ವದ ಒಂದು ಕಣ ಒಳ್ಳೆಯ ಚಾಲಕನಲ್ಲಿಯೂ ಇದೆ.

ಕಥನವು ತಿರಸ್ಕರಿಸುವುದು ಈ ಗುಣವನ್ನೇ. ದಡದಲ್ಲಿ ನಿಂತು ಹಿಂದಿರುಗಿದ ಚಾಲಕನ ಬಗ್ಗೆ ಯಾವ ಜಾಹೀರಾತೂ ತಯಾರಾಗುವುದಿಲ್ಲ. ಯತ್ನಾಚಾರವನ್ನು ಅಳುಕೆಂದೂ ಪ್ರಮಾದವನ್ನು ಪರಾಕ್ರಮವೆಂದೂ ಹೆಸರು ಬದಲಿಸುವುದು ಈ ಪ್ರಕಾರದ ಎರಡನೆಯ ಮತ್ತು ಹೆಚ್ಚು ಗಂಭೀರವಾದ ದೋಷ.

ಮೂರನೆಯ ದೋಷ ಹಿಂದೆ ಉಳಿದದ್ದನ್ನು ನೋಡದಿರುವುದು. ಕೆಸರಿನಲ್ಲಿ ಗಿರ್ರನೆ ತಿರುಗಿದ ಚಕ್ರ ನೆಲದಲ್ಲಿ ಕೊರಕಲನ್ನು ಬಿಡುತ್ತದೆ. ಮುಂದಿನ ಮಳೆಗೆ ಆ ಕೊರಕಲೇ ಕಾಲುವೆಯಾಗಿ ಮಣ್ಣನ್ನು ಹೊಳೆಗೆ ಸಾಗಿಸುತ್ತದೆ. ಹೊಳೆ ಕಡಲಿಗೆ ಒಯ್ಯುತ್ತದೆ. ಕೆಸರಿನ ಗುಂಡಿಯನ್ನು ಬಳಸಿ ಹೋಗುವ ಪ್ರತಿಯೊಂದು ವಾಹನವೂ ದಾರಿಯ ಅಂಚನ್ನು ಒಂದಿಷ್ಟು ಕಾಡಿನೊಳಕ್ಕೆ ಸರಿಸುತ್ತದೆ. ಟೈರಿಗೆ ಅಂಟಿದ ಮಣ್ಣಿನಲ್ಲಿ ಫೈಟಾಫ್ಥೊರ ಸಿನ್ನಮೋಮಿ ಎಂಬ ಕಣ್ಣಿಗೆ ಕಾಣದ ರೋಗಾಣು ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಪ್ರಯಾಣ ಮಾಡಿ ಮರಗಳ ಬೇರನ್ನು ಕೊಳೆಸುತ್ತದೆ. ಮಲೆನಾಡಿನ ಓದುಗರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದದ್ದೂ ಇದೇ ಕುಲಕ್ಕೆ ಸೇರಿದ ಜೀವಿ. ಡೇನ್‌ಟ್ರೀಯಲ್ಲಿ ಕ್ಯಾಸೋವರಿ ಎಂಬ, ಹಾರಲಾರದ, ಮನುಷ್ಯನೆತ್ತರದ ಹಕ್ಕಿಯಿದೆ. ಮೊಟ್ಟೆಗೆ ಕಾವು ಕೊಟ್ಟು ಮರಿಗಳನ್ನು ಸಾಕುವುದು ಅದರಲ್ಲಿ ಗಂಡಿನ ಕೆಲಸ. ದೊಡ್ಡ ಬೀಜಗಳ ಹಣ್ಣನ್ನು ನುಂಗಿ ದೂರದಲ್ಲಿ ಬಿತ್ತುವ ಈ ಹಕ್ಕಿ ಇಲ್ಲವಾದರೆ ಅನೇಕ ಮರಗಳ ಸಂತಾನ ಹರಡದು. ಆ ಪ್ರದೇಶದಲ್ಲಿ ಕ್ಯಾಸೋವರಿಗಳ ಸಾವಿಗೆ ಮುಖ್ಯ ಕಾರಣಗಳಲ್ಲೊಂದು ವಾಹನಗಳ ಡಿಕ್ಕಿ. ದಾರಿಯಲ್ಲಿ ಬಿದ್ದ ಒಂದು ಗಂಡುಹಕ್ಕಿಯ ಹಿಂದೆ ಅನಾಥವಾದ ಮರಿಗಳೂ ಹುಟ್ಟದೆ ಉಳಿದ ಮರಗಳೂ ಇರುತ್ತವೆ.

ಹಿಂಸೆಯ ಯಾವ ವರ್ಗ?

ಗೃಹಸ್ಥನ ಬಾಳು ಹಿಂಸೆಯಿಂದ ಪೂರ್ತಿ ಮುಕ್ತವಾಗಲಾರದೆಂಬುದನ್ನು ಜೈನಾಚಾರ್ಯರು ಚೆನ್ನಾಗಿ ಬಲ್ಲರು. ಆದುದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಭಾಗಿಸುವ ಪರಿಪಾಟಿ ಬೆಳೆಯಿತು. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ ಶ್ರಾವಕನಿಗೆ ಸರ್ವಥಾ ತ್ಯಾಜ್ಯ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ. ಬೇಸಾಯ, ವ್ಯಾಪಾರಾದಿ ವೃತ್ತಿಗಳಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಈ ಮೂರೂ ಎಚ್ಚರದ ಮಿತಿಯೊಳಗೆ ಗೃಹಸ್ಥನಿಗೆ ಅನಿವಾರ್ಯವಾದವು.

ಈಗ ವಿನೋದಕ್ಕಾಗಿ ಕಾಡುದಾರಿಯಲ್ಲಿ ವಾಹನ ನಡೆಸುವಾತನ ಹಿಂಸೆಯನ್ನು ಯಾವ ಮನೆಯಲ್ಲಿ ಇಡಬೇಕು? ಅವನು ಕೊಲ್ಲಲು ಹೊರಟವನಲ್ಲ, ಸಂಕಲ್ಪವಿಲ್ಲ. ಆದರೆ ಅವನು ಮನೆವಾರ್ತೆಗೆ ಹೊರಟವನಲ್ಲ, ವೃತ್ತಿಗೆ ಹೊರಟವನಲ್ಲ, ಪ್ರಾಣರಕ್ಷಣೆಗೆ ಓಡುತ್ತಿರುವವನೂ ಅಲ್ಲ. ಮೂರು ರಿಯಾಯಿತಿಗಳಲ್ಲಿ ಒಂದೂ ಅವನಿಗೆ ದೊರೆಯದು. ಉಳಿದಿರುವುದು ಅನರ್ಥದಂಡವೊಂದೇ: ಅರ್ಥವಿಲ್ಲದೆ, ಎಂದರೆ ಪ್ರಯೋಜನವಿಲ್ಲದೆ, ಇತರ ಜೀವಿಗಳಿಗೆ ಕೊಡುವ ದಂಡನೆ. ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರರು ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಫಲವಾಗಿ ಕೆದಕುವುದನ್ನೂ ಸಸ್ಯಚ್ಛೇದನವನ್ನೂ ಹೇಳಿ, ಅಷ್ಟಕ್ಕೇ ನಿಲ್ಲದೆ, ವ್ಯರ್ಥವಾಗಿ ತಿರುಗುವುದನ್ನು ಮತ್ತು ಇತರರನ್ನು ತಿರುಗಿಸುವುದನ್ನು ಕೂಡಿಸಿದ್ದಾರೆ. ತಿರುಗುವವನು ಚಾಲಕ, ತಿರುಗಿಸುವವನು ಕಥನಕಾರ. ಶತಮಾನಗಳ ಹಿಂದಿನ ಈ ಸೂಕ್ಷ್ಮದಲ್ಲಿ ಇಬ್ಬರಿಗೂ ಪಾಲು ಹಂಚಿಕೆಯಾಗಿದೆ.

ಇದೇ ನ್ಯಾಯದಿಂದ ದಾರಿಯನ್ನು ಬಳಸುವವರೆಲ್ಲರೂ ಸಮಾನರಲ್ಲವೆಂಬುದೂ ಸ್ಪಷ್ಟವಾಗುತ್ತದೆ. ವುಜಲ್ ವುಜಲ್‌ನ ನಿವಾಸಿ ತನ್ನ ಊರಿಗೆ ಹೋಗುವುದಕ್ಕೂ ಪ್ರವಾಸಿ ಕೆಸರನ್ನು ಹುಡುಕಿಕೊಂಡು ಬರುವುದಕ್ಕೂ ಅಂತರವಿದೆ. ಮಲೆನಾಡಿನ ಒಂಟಿಮನೆಯಿಂದ ರೋಗಿಯನ್ನೋ ಬಸುರಿಯನ್ನೋ ಪೇಟೆಯ ಆಸ್ಪತ್ರೆಗೆ ಹೊತ್ತುತರುವ ಹಳೆಯ ಜೀಪು ಅನರ್ಥದಂಡದ ಸಾಧನವಲ್ಲ. ಅದು ದಯೆಯ ಸಾಧನ. ಕಾಡು ಕಾಯುವವನ ಜೀಪಿಗೂ ಇದೇ ಮಾತು. ಯಂತ್ರ ಒಂದೇ, ದಾರಿ ಒಂದೇ, ಪ್ರಯೋಜನ ಬೇರೆ. ಆದುದರಿಂದ ವಿಮರ್ಶೆಯ ಗುರಿ ವಾಹನವಲ್ಲ, ಪ್ರಯೋಜನಶೂನ್ಯತೆಯನ್ನೇ ಪ್ರಯೋಜನವೆಂದು ಮೆರೆಸುವ ಕಥನ.

ಭರತನ ಚಕ್ರ, ಬಾಹುಬಲಿಯ ಬಳ್ಳಿ

ಗೆಲುವಿನ ಕಥನವನ್ನು ಕನ್ನಡ ಜೈನ ಕಾವ್ಯ ಅರಿಯದೆ ಇಲ್ಲ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವನ್ನು ಅನುಸರಿಸಿ 10ನೆಯ ಶತಮಾನದಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ಭರತಚಕ್ರವರ್ತಿಯ ದಿಗ್ವಿಜಯವು ವೈಭವದಿಂದ ವರ್ಣಿತವಾಗಿದೆ. ಚಕ್ರರತ್ನ ಮುಂದೆ ಮುಂದೆ ಉರುಳುತ್ತದೆ. ಕಾಡು, ನದಿ, ಬೆಟ್ಟಗಳು ದಾರಿ ಬಿಡುತ್ತವೆ. ಆದರೆ ಆ ಕಥನ ಗೆಲುವಿನಲ್ಲಿ ಮುಗಿಯುವುದಿಲ್ಲ. ವೃಷಭಾಚಲದ ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋದ ಭರತನಿಗೆ ಅಲ್ಲಿ ಎಡೆಯೇ ದೊರೆಯದು. ಹಿಂದಿನ ಅಸಂಖ್ಯ ಚಕ್ರವರ್ತಿಗಳ ಹೆಸರುಗಳು ಬಂಡೆಯನ್ನು ತುಂಬಿಬಿಟ್ಟಿವೆ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸಬೇಕಾಯಿತು. ತನ್ನದನ್ನು ಅಳಿಸುವವನೂ ಮುಂದೆ ಬರುತ್ತಾನೆ ಎಂಬುದು ಅಲ್ಲಿ ಹೇಳದೆಯೇ ಹೊಳೆಯುವ ಮಾತು.

ಮುಂದೆ ಚಕ್ರವು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ತಮ್ಮನೊಡನೆ ಸೆಣಸಿ ಸೋತ ಭರತನು ಅದನ್ನು ಬಾಹುಬಲಿಯ ಮೇಲೆ ಪ್ರಯೋಗಿಸಿದಾಗ ಅದು ಕೊಲ್ಲಲಾರದೆ ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ಗೆದ್ದ ಬಾಹುಬಲಿ ನೆಲವನ್ನು ಬಿಟ್ಟು ಕಾಡಿಗೆ ಹೋಗುತ್ತಾನೆ, ಗೆಲ್ಲುವುದಕ್ಕಲ್ಲ, ನಿಲ್ಲುವುದಕ್ಕೆ. ಅವನ ಕಾಲಬುಡದಲ್ಲಿ ಹುತ್ತ ಬೆಳೆಯುತ್ತದೆ, ಮೈಮೇಲೆ ಬಳ್ಳಿ ಹಬ್ಬುತ್ತದೆ. ಶ್ರವಣಬೆಳ್ಗೊಳದಲ್ಲಿ ಕ್ರಿ.ಶ. 981ರಿಂದ ನಿಂತಿರುವ ಮೂರ್ತಿಯ ತೊಡೆತೋಳುಗಳಲ್ಲಿ ಆ ಬಳ್ಳಿಯನ್ನು ಇಂದಿಗೂ ಕಾಣಬಹುದು. ಮನುಷ್ಯನು ಕಾಡಿನೊಳಕ್ಕೆ ನುಗ್ಗಿದ ಚಿತ್ರ ಅದಲ್ಲ. ಕಾಡೇ ನಂಬಿಕೆಯಿಂದ ಮನುಷ್ಯನ ಮೈಯನ್ನೇರಿದ ಚಿತ್ರ.

ಈ ಎರಡು ಚಿತ್ರಗಳನ್ನು ಬಲ್ಲ ಓದುಗನಿಗೆ ಸಾಹಸಯಾನದ ಕಥನ ಅಪೂರ್ಣವಾಗಿ ತೋರುತ್ತದೆ. ಅದು ದಿಗ್ವಿಜಯದಲ್ಲಿ ಆರಂಭವಾಗಿ ದಿಗ್ವಿಜಯದಲ್ಲೇ ಕೊನೆಗೊಳ್ಳುತ್ತದೆ. ಅದರಲ್ಲಿ ಚಕ್ರ ನಿಲ್ಲುವ ಬಾಗಿಲೇ ಇಲ್ಲ. ಬ್ಲೂಮ್‌ಫೀಲ್ಡ್ ದಾರಿಗಾದರೋ ಅಂತಹ ಬಾಗಿಲು ಒಮ್ಮೆ ಎದುರಾಯಿತು. 2023ರ ಡಿಸೆಂಬರಿನಲ್ಲಿ ಜಾಸ್ಪರ್ ಚಂಡಮಾರುತದ ಬೆನ್ನಿಗೆ ಸುರಿದ ಮಳೆಯಲ್ಲಿ ಗುಡ್ಡಗಳು ಕುಸಿದು ದಾರಿ ಮುಚ್ಚಿಹೋಯಿತು. ವುಜಲ್ ವುಜಲ್‌ನ ಜನರನ್ನು ಹೆಲಿಕಾಪ್ಟರುಗಳಲ್ಲಿ ತೆರವುಗೊಳಿಸಬೇಕಾಯಿತು. ‘ಗೆದ್ದ’ ದಾರಿ ಯಾರಿಗೂ ಸೋತಿರಲಿಲ್ಲ.

ಒಂದು ಆಕ್ಷೇಪ

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಬಲವಾದ ಮಾತೊಂದಿದೆ. ಜನ ಕಾಡನ್ನು ಕಾಣದಿದ್ದರೆ ಪ್ರೀತಿಸುವುದು ಹೇಗೆ? ಪ್ರೀತಿಸದಿದ್ದರೆ ಉಳಿಸುವುದು ಹೇಗೆ? ಡೇನ್‌ಟ್ರೀ ವಿಶ್ವ ಪರಂಪರೆಯ ತಾಣವಾದ ಮೇಲೆ ಅಲ್ಲಿಗೆ ಬರುವ ಪ್ರವಾಸಿಗರಿಂದಲೇ ಅನೇಕರ ಜೀವನ ನಡೆಯುತ್ತಿದೆ. ಮರ ಕಡಿಯುವುದಕ್ಕಿಂತ ಇದು ಮೇಲಲ್ಲವೆ?

ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ನೋಡುವುದು ಬೇರೆ, ಗೆಲ್ಲುವುದು ಬೇರೆ. ಕಾಡನ್ನು ಕಾಣಬಯಸುವವನು ಕಾಡಿನ ನಿಯಮಕ್ಕೆ ತಲೆಬಾಗುತ್ತಾನೆ: ಮಳೆಯ ದಿನಗಳಲ್ಲಿ ಬರುವುದಿಲ್ಲ, ಗುರುತು ಮಾಡಿದ ದಾರಿಯನ್ನು ಬಿಡುವುದಿಲ್ಲ, ಚಕ್ರದ ಮಣ್ಣನ್ನು ತೊಳೆದು ಬರುತ್ತಾನೆ, ಆ ನೆಲದ ಜನರ ಅನುಮತಿಯನ್ನು ಗೌರವಿಸುತ್ತಾನೆ. ಗೆಲ್ಲಬಯಸುವವನಿಗೆ ಮಳೆಯೇ ಬೇಕು, ಕೆಸರೇ ಬೇಕು. ಮುಚ್ಚಿದ ದಾರಿ ಅವನಿಗೆ ಆಹ್ವಾನ. ಕಾಡು ಎಷ್ಟು ಘಾಸಿಗೊಂಡರೆ ಕಥೆ ಅಷ್ಟು ರಂಜಕ. ಈ ಕಥನ ಬೆಳೆಸುವ ಪ್ರೀತಿ ಕಾಡಿನ ಮೇಲಿನದಲ್ಲ, ತನ್ನ ಪ್ರತಿಬಿಂಬದ ಮೇಲಿನದು.

ಸ್ವಂತ ಬೆಟ್ಟಗಳ ಮಾತು

ದೂರದ ಆಸ್ಟ್ರೇಲಿಯದ ದಾರಿಯೊಂದನ್ನು ಕುರಿತ ಈ ವಿಚಾರ ಜೈನ ಸಮಾಜಕ್ಕೆ ಹೊರಗಿನದಲ್ಲ. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಝಾರ್ಖಂಡದ ಸಮ್ಮೇದಶಿಖರಜಿಯ ಪ್ರಶ್ನೆ ಎದ್ದಾಗ ಸಮಾಜ ಇದೇ ಮಾತನ್ನು ಆಡಿತು. ಪಾರಸನಾಥ ಬೆಟ್ಟದ ಸುತ್ತಣ ಪರಿಸರಸೂಕ್ಷ್ಮ ವಲಯದ 2019ರ ಅಧಿಸೂಚನೆಯಲ್ಲಿ ಪ್ರವಾಸೋದ್ಯಮಕ್ಕೆ ಅವಕಾಶವಿದ್ದುದನ್ನು ವಿರೋಧಿಸಿ 2022ರ ಕೊನೆಯಲ್ಲಿ ದೇಶದ ಅನೇಕ ನಗರಗಳಲ್ಲಿ ಜೈನರು ಬೀದಿಗಿಳಿದರು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಬೆಟ್ಟದ ವಂದನೆ ಸುಮಾರು 27 ಕಿಲೋಮೀಟರಿನ ಕಾಲ್ನಡಿಗೆ. ಯಾತ್ರೆ ಬೇರೆ, ವಿಹಾರ ಬೇರೆ. ಪವಿತ್ರ ನೆಲ ವಿನೋದದ ಬಯಲಾಗಬಾರದು ಎಂಬುದು ಸಮಾಜದ ವಾದದ ತಿರುಳು. ಅದೇ ಬೆಟ್ಟವನ್ನು ಸಂತಾಲರು ಮರಾಂಗ್ ಬುರು ಎಂದು ಪೂಜಿಸುತ್ತಾರೆಂಬುದನ್ನೂ ಆ ಸಂದರ್ಭ ನೆನಪಿಗೆ ತಂದಿತು.

ಈ ವಾದ ನ್ಯಾಯವಾದದ್ದೇ. ಆದರೆ ನ್ಯಾಯಕ್ಕೆ ಎರಡು ತಕ್ಕಡಿಗಳಿರಲಾರವು. ಶಿಖರಜಿಯಲ್ಲಿ ಇತರರಿಂದ ಬೇಡಿದ ಸಂಯಮವನ್ನು ಕುಕು ಯಲಂಜಿಗಳ ಕಾಡಿನಲ್ಲಿಯೂ ಪಶ್ಚಿಮಘಟ್ಟದ ಕಾಡಿನಲ್ಲಿಯೂ ಪಾಲಿಸುವುದು ಶ್ರಾವಕನ ಹೊಣೆ. ತನ್ನ ತೀರ್ಥದಲ್ಲಿ ಮೌನವನ್ನು ಬೇಡಿ, ಇನ್ನೊಬ್ಬರ ತೀರ್ಥದಲ್ಲಿ ಎಂಜಿನ್ನಿನ ಸದ್ದೆಬ್ಬಿಸುವವನ ಅಹಿಂಸೆ ಅಣುವ್ರತವಲ್ಲ, ಒಡೆತನದ ಅಭಿಮಾನ ಮಾತ್ರ.

ಕರ್ನಾಟಕದಲ್ಲಿ ಇಂತಹ ಸಂಯಮಕ್ಕೆ ಸರ್ಕಾರಿ ಆಜ್ಞೆಯ ರೂಪ ದೊರೆತ ಉದಾಹರಣೆಯೂ ಇದೆ. ಬಂಡೀಪುರದ ಅರಣ್ಯದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ನಿಷೇಧ ಬಂತು. ಕತ್ತಲೆಯಲ್ಲಿ ಜೀವಿಗಳು ಕಾಣಿಸವೆಂಬ ಕಾರಣಕ್ಕೆ ರಾತ್ರಿಭೋಜನವನ್ನು ಬಿಟ್ಟ ಮನೆತನಗಳಿಗೆ ಈ ನಿಷೇಧದ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಅನೇಕ ಪ್ರಾಚೀನ ಬಸದಿಗಳು ಬೆಟ್ಟದ ನೆತ್ತಿಯಲ್ಲೋ ಕಾಡಿನ ನಡುವೆಯೋ ಇವೆ. ಕುಂದಕುಂದಾಚಾರ್ಯರ ತಪೋಭೂಮಿಯೆಂದು ಪರಂಪರೆ ನಂಬಿರುವ, ಆಗುಂಬೆಯ ಸಮೀಪದ ಕುಂದಾದ್ರಿಗೆ ಇಂದು ವಾಹನ ಹೋಗುವ ದಾರಿಯಿದೆ. ವೃದ್ಧರಿಗೂ ಅಶಕ್ತರಿಗೂ ಅದು ಉಪಕಾರ, ಅದನ್ನು ಅಲ್ಲಗಳೆಯಲಾಗದು. ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ಬರುವವರಿಗೂ ಬೆಟ್ಟವೇರಿದ ಸಂಭ್ರಮವನ್ನು ಮೆರೆಸಲು ಬರುವವರಿಗೂ ಅದೇ ದಾರಿ ತೆರೆದಿರುತ್ತದೆ ಎಂಬುದೂ ಅಷ್ಟೇ ಸತ್ಯ. ಬೇರೆಡೆ ಇಂತಹ ದಾರಿಯ ಪ್ರಸ್ತಾಪ ಬಂದಾಗ ಮಂಡಳಿಗಳು ಮೊದಲು ಕೇಳಬೇಕಾದದ್ದು ಹಣವೆಷ್ಟು ಎಂದಲ್ಲ. ಈ ದಾರಿ ಯಾರ ಅಗತ್ಯ? ನಡೆಯಲಾರದವರಿಗೆ ಡೋಲಿಯೋ ದೇವಸ್ಥಾನದ್ದೇ ಒಂದು ವಾಹನವೋ ಸಾಲದೆ? ಮಳೆಗಾಲದಲ್ಲಿ ಮುನಿಗಳೇ ವಿಹಾರವನ್ನು ನಿಲ್ಲಿಸಿ ಚಾತುರ್ಮಾಸ್ಯದಲ್ಲಿ ನೆಲೆಗೊಳ್ಳುವಾಗ ವಾಹನಗಳಿಗೇಕೆ ಆ ನಿಯಮ ಬೇಡ?

ಮುನಿಗಳು ಮಳೆಗಾಲದಲ್ಲಿ ನಿಲ್ಲುವುದು ನಡೆಯಲು ಬಲವಿಲ್ಲದೆ ಅಲ್ಲ. ನೆಲವೆಲ್ಲ ಜೀವದಿಂದ ತುಂಬಿರುವ ಕಾಲವೆಂಬ ಅರಿವಿನಿಂದ. ಸಾಮರ್ಥ್ಯವಿದ್ದೂ ಹೆಜ್ಜೆಯನ್ನು ಹಿಂತೆಗೆಯುವುದಕ್ಕೆ ಜೈನಧರ್ಮವು ವ್ರತವೆಂಬ ಹೆಸರನ್ನು ಕೊಟ್ಟಿದೆ. ದಿಗ್ವ್ರತದಲ್ಲಿ ಶ್ರಾವಕನು ದಿಕ್ಕುಗಳಿಗೆ ತಾನಾಗಿಯೇ ಎಲ್ಲೆ ಹಾಕಿಕೊಳ್ಳುತ್ತಾನೆ; ಆ ಎಲ್ಲೆಯಾಚೆಗಿನ ಜೀವಗಳಿಗೆ ಅವನಿಂದ ಅಭಯ. ಎಲ್ಲಿಗೆ ಬೇಕಾದರೂ ಹೋಗಬಲ್ಲ ವಾಹನ ಕೈಯಲ್ಲಿರುವ ಈ ಕಾಲದಲ್ಲಿ ಆ ವ್ರತಕ್ಕೆ ಹಿಂದೆಂದೂ ಇಲ್ಲದ ಬೆಲೆ ಬಂದಿದೆ. ಕಾಡುದಾರಿಯ ಕುರಿತು ಒಳ್ಳೆಯ ಕಥನವೊಂದು ಬರುವುದಾದರೆ ಅದರಲ್ಲಿ ಹೊಳೆಯ ದಡದಲ್ಲಿ ವಾಹನವನ್ನು ನಿಲ್ಲಿಸಿ, ನೀರನ್ನು ನೋಡಿ, ಹಿಂದಿರುಗಿದವನಿಗೂ ನಾಯಕನ ಸ್ಥಾನ ದೊರೆಯಬೇಕು.